ಪಶ್ಚಿಮ ಘಟ್ಟಗಳ ಸೀಮಾನಿರ್ಣಯ

ಉತ್ತರದಲ್ಲಿ ತಾಪಿ ನದಿಯ ಕಣಿವೆಯಿಂದ ಮೊದಲ್ಗೊಂಡು ದಕ್ಷಿಣದಲ್ಲಿ ಕನ್ಯಾಕುಮಾರಿಯ ಪರ್ಯಂತ, ಅರಬ್ಬೀ ಸಮುದ್ರದ ಕರಾವಳಿಗೆ ಬಹುಮಟ್ಟಿಗೆ ಸಮಾಂತರವಾಗಿ, ಗುಜರಾತ್, ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ, ತಮಿಳುನಾಡು ಎಂಬ ಆರು ರಾಜ್ಯಗಳಲ್ಲಿ ಹಾದುಹೋಗುವ ಪರ್ವತಪಂಕ್ತಿಗೆ ಪಶ್ಚಿಮ ಘಟ್ಟಗಳೆಂದೂ ಸಹ್ಯಾದ್ರಿಯೆಂದೂ ಹೆಸರು. ಇದರ ಉದ್ದ 1,500 ಕಿಲೋಮೀಟರಿಗೆ ತುಸು ಹೆಚ್ಚೋ ತುಸು ಕಡಿಮೆಯೋ ಎಂಬುದರಲ್ಲಿ ಗ್ರಂಥಕಾರರಿಗೆ ದೊಡ್ಡ ವಿವಾದವಿಲ್ಲ. ಅತ್ಯುನ್ನತ ಶಿಖರ ಕೇರಳದ ಆನಮುಡಿಯೆಂಬುದೂ ಅದರ ಎತ್ತರ 2,695 ಮೀಟರೆಂಬುದೂ ಎಲ್ಲರಿಗೂ ಸಮ್ಮತ. ಆದರೆ ಈ ಪ್ರದೇಶದ ವಿಸ್ತೀರ್ಣವೆಷ್ಟೆಂದು ಕೇಳಿದೊಡನೆಯೆ ಉತ್ತರಗಳು ಕವಲೊಡೆಯುತ್ತವೆ. 2011ರಲ್ಲಿ ವರದಿಯನ್ನೊಪ್ಪಿಸಿದ ಒಂದು ತಜ್ಞಸಮಿತಿಯ ಪ್ರಕಾರ ಅದು 1,29,037 ಚದರ ಕಿಲೋಮೀಟರು. ಎರಡೇ ವರ್ಷಗಳ ತರುವಾಯ ಅದೇ ಸರ್ಕಾರಕ್ಕೆ ವರದಿ ಕೊಟ್ಟ ಇನ್ನೊಂದು ಸಮಿತಿಯ ಪ್ರಕಾರ 1,64,280 ಚದರ ಕಿಲೋಮೀಟರು. ಯುನೆಸ್ಕೋ ಸಂಸ್ಥೆಯ ದಾಖಲೆಗಳಲ್ಲಿ ಸುಮಾರು 1,40,000. ಎರಡು ಸಮಿತಿಗಳ ಅಂಕಿಗಳಿಗಿರುವ ಅಂತರವೇ 35,000 ಚದರ ಕಿಲೋಮೀಟರಿಗೆ ಮಿಗಿಲಾಗಿದ್ದು, ಇಡೀ ಕೇರಳ ರಾಜ್ಯದ ವಿಸ್ತೀರ್ಣಕ್ಕೆ ತುಸುವೇ ಕಡಿಮೆಯಾಗುತ್ತದೆ. ಅಳತೆಯ ಉಪಕರಣಗಳಲ್ಲಿ ದೋಷವಿದ್ದುದರಿಂದ ಈ ವ್ಯತ್ಯಾಸ ಹುಟ್ಟಿತೆನ್ನುವಂತಿಲ್ಲ. ಅಳೆಯಬೇಕಾದ ವಸ್ತು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ತಿಳಿದರು. ಆ ತಿಳಿವಳಿಕೆಗಳ ಚರಿತ್ರೆಯೇ ಈ ಲೇಖನದ ವಿಷಯ.

ಘಟ್ಟವೆಂಬ ಶಬ್ದಕ್ಕೆ ನೀರಿಗಿಳಿಯುವ ಸೋಪಾನವೆಂದೂ ಬೆಟ್ಟವನ್ನು ಹತ್ತಿಳಿಯುವ ದಾರಿಯೆಂದೂ ಅರ್ಥವುಂಟು. ಕನ್ನಡ ಕರಾವಳಿಯ ಜನ ‘ಘಟ್ಟ ಹತ್ತಿದರು’, ‘ಘಟ್ಟ ಇಳಿದರು’ ಎನ್ನುವಾಗ ಅವರ ಮನಸ್ಸಿನಲ್ಲಿರುವುದು ದಾರಿಯೇ ಹೊರತು ಶಿಖರವಲ್ಲ. ಆಗುಂಬೆ, ಶಿರಾಡಿ, ಚಾರ್ಮಾಡಿ, ಹುಲಿಕಲ್ಲು ಮೊದಲಾದ ಘಾಟಿಗಳು ಉಪ್ಪು ಮೇಲಕ್ಕೂ ಅಡಕೆ ಮೆಣಸು ಕೆಳಕ್ಕೂ ಸಾಗುತ್ತಿದ್ದ ಎತ್ತಿನ ಹೇರುಗಳ ಹಾದಿಗಳು. ಹಾದಿಯ ಮೇಲ್ತುದಿಯಿಂದಾಚೆಗಿನ ನಾಡೆಲ್ಲ ‘ಘಟ್ಟದ ಮೇಲೆ’, ಕೆಳತುದಿಯಿಂದೀಚಿನದೆಲ್ಲ ‘ಘಟ್ಟದ ಕೆಳಗೆ’. ನಡುವೆ ಉಳಿಯುವ ಇಳುಕಲಿನ ನೀಳ ಪಟ್ಟಿಯೊಂದೇ ಘಟ್ಟ. ಈ ಮೂಲಾರ್ಥವನ್ನು ಕಟ್ಟುನಿಟ್ಟಾಗಿ ಹಿಡಿದರೆ ಪಶ್ಚಿಮ ಘಟ್ಟಗಳ ಅಗಲ ಎಷ್ಟೋ ಎಡೆಗಳಲ್ಲಿ ಹತ್ತು ಹದಿನೈದು ಕಿಲೋಮೀಟರಿಗೆ ಮೀರಲಾರದು. ದಾರಿಗಿದ್ದ ಹೆಸರನ್ನು ಐರೋಪ್ಯರು ಪರ್ವತಕ್ಕೇ ಇಟ್ಟು, ಪರ್ವತದ ಹೆಸರು ಕ್ರಮೇಣ ಪ್ರದೇಶಕ್ಕೆ ಹಬ್ಬಿ, ಇಂದು ಅದೇ ಹೆಸರು ಕಾನೂನಿನ ಪರಿಭಾಷೆಯಾಗಿದೆ. ಒಂದೇ ಶಬ್ದ ಇಷ್ಟು ಹಿಗ್ಗಿದ ಮೇಲೆ ಅದರ ಅಂಚು ತೆಳುವಾಗುವುದು ಸಹಜ.

ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಮೇಲೆ ನಿಂತವರಿಗೆ ಈ ಸಮಸ್ಯೆಯ ಮೂಲ ಕಣ್ಣಿಗೇ ಕಾಣುತ್ತದೆ. ಪಶ್ಚಿಮಕ್ಕೆ ನೆಲ ಒಮ್ಮೆಗೇ ಕಡಿದುಹೋಗಿದೆ. ಕಾಲ ಕೆಳಗೆ ಸೋಮೇಶ್ವರದ ಕಾಡು, ಅದರಾಚೆ ಹೆಬ್ರಿಯ ಕಡೆಯ ಬಯಲು, ಮೋಡವಿಲ್ಲದ ಸಂಜೆಗಳಲ್ಲಿ ಬಾನಿನಂಚಿಗೆ ಕಡಲಿನ ಹೊಳಪು. ಇಲ್ಲಿ ಎಲ್ಲೆಯನ್ನೆಳೆಯಲು ಯಾವ ಪಂಡಿತನೂ ಬೇಕಿಲ್ಲ. ಹಿಂದಿರುಗಿ ಪೂರ್ವಕ್ಕೆ ನಡೆದರೆ ಪೇಟೆ, ಗದ್ದೆ, ಅಡಕೆತೋಟ, ಕಾನು, ಮತ್ತೆ ಗದ್ದೆ. ನೆಲ ಏಳುತ್ತದೆ, ಇಳಿಯುತ್ತದೆ, ಆದರೆ ಎಲ್ಲಿಯೂ ಪರ್ವತದ ಇನ್ನೊಂದು ಮಗ್ಗುಲು ಎದುರಾಗುವುದಿಲ್ಲ. ತೀರ್ಥಹಳ್ಳಿಯನ್ನು ದಾಟಿ, ತುಂಗೆಯ ದಡದ ಮಂಡಗದ್ದೆಯನ್ನು ದಾಟಿ, ಗಾಜನೂರಿನ ಅಣೆಕಟ್ಟನ್ನು ದಾಟಿ ಶಿವಮೊಗ್ಗೆಯನ್ನು ಮುಟ್ಟುವವರೆಗೂ ಪ್ರಯಾಣಿಕನು ಒಂದು ಘಾಟಿಯನ್ನೂ ಇಳಿಯುವುದಿಲ್ಲ; ಆದರೂ ಶಿವಮೊಗ್ಗೆಯ ಪೂರ್ವಕ್ಕೆ ಹೋದಾಗ ತಾನು ಬಯಲುಸೀಮೆಯಲ್ಲಿದ್ದೇನೆಂಬುದು ಅವನಿಗೆ ಸಂದೇಹವಿಲ್ಲದೆ ತಿಳಿದಿರುತ್ತದೆ. ಪಶ್ಚಿಮದ ಅಂಚನ್ನು ಪ್ರಕೃತಿಯೇ ಕಡಿದುಕೊಟ್ಟಿದೆ. ಪೂರ್ವದ ಅಂಚನ್ನು ಮನುಷ್ಯನು ಕಟ್ಟಬೇಕಾಗಿದೆ. ಪಶ್ಚಿಮ ಘಟ್ಟಗಳ ಸೀಮೆಯನ್ನು ಕುರಿತ ವಿವಾದಗಳೆಲ್ಲ ಬಹುಮಟ್ಟಿಗೆ ಈ ಪೂರ್ವದ ಅಂಚಿನ ವಿವಾದಗಳೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗಿ ತಿಳಿಯುತ್ತದೆ.

ಇದಕ್ಕೆ ಕಾರಣ ಭೂರಚನೆಯಲ್ಲಿದೆ. ಹಿಮಾಲಯದಂತೆ ಶಿಲಾಸ್ತರಗಳು ಮಡಿಸಿ ಮೇಲೆದ್ದು ಆದ ಪರ್ವತವಲ್ಲ ಇದು. ದಖನ್ನಿನ ಪ್ರಸ್ಥಭೂಮಿಯ ಪಶ್ಚಿಮದ ಅಂಚು. ಮಡಗಾಸ್ಕರ್ ಮೊದಲಾದ ಭೂಭಾಗಗಳು ಭಾರತದಿಂದ ಬೇರ್ಪಟ್ಟಾಗ ಉಂಟಾದ ಅಂಚು ಕೋಟ್ಯಂತರ ವರ್ಷಗಳ ಸವೆತದಿಂದ ಹಿಂಜರಿಯುತ್ತ ಬಂದು ಇಂದಿನ ಪ್ರಪಾತದ ರೂಪವನ್ನು ತಾಳಿದೆಯೆಂದು ಭೂವಿಜ್ಞಾನಿಗಳಲ್ಲಿ ಬಹುಮಂದಿಯ ಅಭಿಪ್ರಾಯ. ಶಿಲೆಯನ್ನು ಆಧರಿಸಿ ಎಲ್ಲೆಯನ್ನು ಗೊತ್ತುಮಾಡೋಣವೆಂದರೆ ಅದೂ ಸಾಧ್ಯವಾಗದು. ಉತ್ತರದಲ್ಲಿ, ಸುಮಾರು ಬೆಳಗಾವಿ ಗೋವೆಗಳವರೆಗೆ, ಘಟ್ಟ ನಿಂತಿರುವುದು ಆರೂವರೆ ಕೋಟಿ ವರ್ಷಗಳಿಗೂ ಹಿಂದೆ ಹರಿದ ಲಾವಾರಸ ಪದರಪದರವಾಗಿ ಹೆಪ್ಪುಗಟ್ಟಿದ ಕಪ್ಪುಕಲ್ಲಿನ ಮೇಲೆ. ಅಲ್ಲಿಂದ ದಕ್ಷಿಣಕ್ಕೆ ಅದಕ್ಕಿಂತ ಬಹು ಪುರಾತನವಾದ ಧಾರವಾಡದ ಶಿಲಾವರ್ಗ ಮತ್ತು ನೈಸ್ ಶಿಲೆಗಳ ಮೇಲೆ. ಇನ್ನೂ ದಕ್ಷಿಣಕ್ಕೆ ಚಾರ್ನೊಕೈಟಿನ ಮೇಲೆ. ಶಿಲೆ ಮೂರು ಬಗೆಯಾದರೂ ಅಂಚು ಒಂದೇ. ಕಪ್ಪುಕಲ್ಲಿನ ಹಾಸು ಪೂರ್ವಕ್ಕೆ ವಿದರ್ಭದವರೆಗೂ, ನೈಸ್ ಶಿಲೆಯ ಹಾಸು ಕೋಲಾರದಾಚೆಗೂ ಹಬ್ಬಿರುವುದರಿಂದ ಶಿಲೆಯ ನಕ್ಷೆಯಲ್ಲಿ ಸಹ್ಯಾದ್ರಿಯೆಂಬ ಪ್ರತ್ಯೇಕ ವಸ್ತುವೇ ಇಲ್ಲ. ನೀಲಗಿರಿ ಆನೆಮಲೆಗಳಾದರೋ ಈ ಅಂಚಿನ ಭಾಗಗಳಲ್ಲದೆ ಸ್ತರಭಂಗದಿಂದ ಮೇಲೆದ್ದ ದಿಮ್ಮಿಗಳಾಗಿದ್ದು, ಅಲ್ಲಿ ಮಾತ್ರ ನಾಲ್ಕು ಮಗ್ಗುಲೂ ಕಾಣುವ ನಿಜವಾದ ಪರ್ವತಗಳಿವೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯನ್ನೊಳಗೊಂಡ ಬಾಬಾಬುಡನ್ ಗಿರಿಶ್ರೇಣಿ ಘಟ್ಟದ ಪ್ರಪಾತದಿಂದ ಪೂರ್ವಕ್ಕೆ ಸರಿದು, ಕುದುರೆಯ ಲಾಳದ ಆಕಾರದಲ್ಲಿ ಬೇರೆಯಾಗಿಯೇ ನಿಂತಿದೆ. ಕೇವಲ ಪ್ರಪಾತವನ್ನೇ ಘಟ್ಟವೆಂದು ಕರೆಯುವವರು ಇದನ್ನು ಹೊರಗಿಡಬೇಕಾಗುತ್ತದೆ, ಆದರೆ ಹಾಗೆ ಹೊರಗಿಟ್ಟವರನ್ನು ಕಾಣೆವು.

ಪ್ರಾಚೀನರು ಈ ಪ್ರದೇಶವನ್ನು ಒಂದೆಂದು ಎಣಿಸಿರಲಿಲ್ಲವೆಂಬುದು ಗಮನಾರ್ಹವಾದುದು. ಪುರಾಣಗಳು ಭಾರತವರ್ಷದ ಏಳು ಕುಲಪರ್ವತಗಳನ್ನು ಹೆಸರಿಸುವಾಗ ಸಹ್ಯವನ್ನೂ ಮಲಯವನ್ನೂ ಬೇರೆಬೇರೆಯಾಗಿ ಹೇಳುತ್ತವೆ; ಒಂದೊಂದು ಪರ್ವತವನ್ನೂ ಅದರಿಂದ ಹುಟ್ಟುವ ನದಿಗಳಿಂದ ಗುರುತಿಸುವುದು ಅವುಗಳ ಕ್ರಮ. ಗೋದಾವರಿ, ಭೀಮರಥಿ, ಕೃಷ್ಣವೇಣಿ, ತುಂಗಭದ್ರೆ, ಕಾವೇರಿ ಇವು ಸಹ್ಯಪಾದದಿಂದ ಹುಟ್ಟಿದವು. ಕೃತಮಾಲೆ ತಾಮ್ರಪರ್ಣಿಗಳು ಮಲಯದಿಂದ. ಕಾಳಿದಾಸನೂ ರಘುವಿನ ದಿಗ್ವಿಜಯವನ್ನು ವರ್ಣಿಸುವಾಗ ಮಲಯವನ್ನು ಮೊದಲು ಹೇಳಿ ಬಳಿಕ ಸಹ್ಯವನ್ನು ದಾಟಿಸುತ್ತಾನೆ. ಮಲಯವೆಂದರೆ ಪಾಲಘಾಟಿನ ಕಂಡಿಯಿಂದ ದಕ್ಷಿಣಕ್ಕಿರುವ ಬೆಟ್ಟಗಳೆಂದು ಸಾಮಾನ್ಯವಾಗಿ ಗ್ರಹಿಸುತ್ತಾರೆ. ಸಮುದ್ರಮಟ್ಟದಿಂದ ನೂರೈವತ್ತು ಮೀಟರನ್ನೂ ಮುಟ್ಟದೆ, ಮೂವತ್ತು ಕಿಲೋಮೀಟರಿಗೂ ಮಿಕ್ಕ ಅಗಲವಾಗಿ ಪರ್ವತವನ್ನು ಎರಡಾಗಿ ಒಡೆಯುವ ಆ ಕಂಡಿಯನ್ನು ನೋಡಿದವರಿಗೆ ಪುರಾಣಕಾರರ ವಿಭಾಗ ಯುಕ್ತವಾಗಿಯೇ ತೋರುತ್ತದೆ. ಪ್ರಾಣಿಶಾಸ್ತ್ರಜ್ಞರೂ ಸಸ್ಯಶಾಸ್ತ್ರಜ್ಞರೂ ಇಂದು ಅದೇ ಕಂಡಿಯ ಎರಡು ಬದಿಗಳಲ್ಲಿ ಬೇರೆಬೇರೆ ಪ್ರಭೇದಗಳನ್ನು ಕಾಣುತ್ತಿದ್ದಾರೆ. ಇನ್ನೊಂದು ಸಂಗತಿ: ಸಹ್ಯದ ನದಿಗಳೆಂದು ಪುರಾಣಗಳು ಮುಖ್ಯವಾಗಿ ಎಣಿಸುವವೆಲ್ಲ ಪೂರ್ವಕ್ಕೆ ಹರಿಯುವವು. ಅವುಗಳ ಕರ್ತೃಗಳು ಪರ್ವತವನ್ನು ಪೂರ್ವದಿಂದ ನೋಡಿದವರು. ಪಶ್ಚಿಮದಿಂದ ನೋಡಿದವರ ದೃಷ್ಟಿ ಪರಶುರಾಮಕ್ಷೇತ್ರದ ಐತಿಹ್ಯದಲ್ಲಿದೆ. ಅಲ್ಲಿ ಸಹ್ಯಾದ್ರಿ ಎಂದರೆ ಪರಶುರಾಮನು ಕಡಲನ್ನು ಹಿಂದೆ ಸರಿಸಿ ಪಡೆದ ನೆಲಕ್ಕೆ ಮೂಡಣದ ಗೋಡೆ.

ದಿಕ್ಕಿನ ಹೆಸರುಗಳಲ್ಲಿಯೂ ಈ ಇಬ್ಬಂದಿಯ ಗುರುತುಗಳಿವೆ. ತಮಿಳಿನಲ್ಲಿ ಪೂರ್ವಕ್ಕೆ ಕೆಳಗಿನ ದಿಕ್ಕೆಂದೂ ಪಶ್ಚಿಮಕ್ಕೆ ಮೇಲಿನ ದಿಕ್ಕೆಂದೂ ಅರ್ಥವಾಗುವ ಶಬ್ದಗಳಿವೆ. ಪಶ್ಚಿಮಕ್ಕೆ ಮಲೆಯನ್ನುಳ್ಳ ನಾಡಿನವರಿಗೆ ಅದು ಸರಿಯಾದ ಮಾತು. ಮಲೆಯಾಳದವರಿಗೆ ಪರ್ವತ ಮೂಡಣದಲ್ಲಿದ್ದರೂ ಪೂರ್ವಕ್ಕೆ ಅವರು ‘ಕಿಳಕ್ಕು’ ಎಂಬ ಅದೇ ಕೆಳದಿಕ್ಕಿನ ಹೆಸರನ್ನು ಉಳಿಸಿಕೊಂಡಿರುವುದನ್ನು ರಾಬರ್ಟ್ ಕಾಲ್ಡ್ವೆಲ್ ತನ್ನ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ಎತ್ತಿ ತೋರಿಸಿದನು. ಕನ್ನಡದ ಮೂಡು ಪಡುಗಳು ಸೂರ್ಯನನ್ನು ನೋಡಿ ಇಟ್ಟ ಹೆಸರುಗಳಾದುದರಿಂದ ಈ ತೊಡಕಿನಿಂದ ಪಾರಾದವು. ‘ಪಶ್ಚಿಮ ಘಟ್ಟ’ ಎಂಬ ಹೆಸರೂ ಪರ್ವತದ ಪೂರ್ವಕ್ಕೆ ನಿಂತವರು ಇಟ್ಟದ್ದೇ. ಮಂಗಳೂರಿನವರಿಗೆ ದಿನವೂ ಸೂರ್ಯನು ಪಶ್ಚಿಮ ಘಟ್ಟದ ಮೇಲೆಯೇ ಮೂಡುತ್ತಾನೆ. ಮರಾಠಿಗರು ಕೊಂಕಣ, ಘಾಟಮಾಥಾ, ಮಾವಳ, ದೇಶವೆಂದು ಕಡಲಿನಿಂದ ಒಳನಾಡಿಗೆ ಹೋಗುತ್ತ ಒಂದೊಂದೇ ಪಟ್ಟಿಯನ್ನು ಹೆಸರಿಸುತ್ತಾರೆ. ಕೇರಳದವರು ತೀರದೇಶ, ಇಡನಾಡು, ಮಲನಾಡು ಎನ್ನುತ್ತಾರೆ.

ಕನ್ನಡಿಗರ ಕ್ರಮ ಇನ್ನೂ ನಯವಾದದ್ದು. ಕರಾವಳಿ, ಮಲೆನಾಡು, ಬಯಲುಸೀಮೆ ಎಂಬ ಮೂರರ ನಡುವೆ ಅರೆಮಲೆನಾಡೆಂಬ ನಾಲ್ಕನೆಯದೊಂದನ್ನು ಅವರು ಇಟ್ಟುಕೊಂಡಿದ್ದಾರೆ. ಮಲೆನಾಡಿನ ಹೆಸರು ಹಳೆಯದು; ಮಲೆಯ ಪಾಳೆಯಗಾರರನ್ನು ಮೆಟ್ಟಿದುದಕ್ಕಾಗಿ ಹೊಯ್ಸಳರು ‘ಮಲೆಪರೊಳ್ ಗಂಡ’ ಎಂಬ ಬಿರುದನ್ನು ಧರಿಸಿದ್ದರು. ಹಳ್ಳಿಯವರು ಮಲೆನಾಡನ್ನು ಗುರುತಿಸುವುದು ಎತ್ತರದ ಅಂಕಿಯಿಂದಲ್ಲ. ಮನೆಗಳು ಒಂದೊಂದೂ ತನ್ನ ತೋಟ ಗದ್ದೆಗಳ ಮಗ್ಗುಲಿಗೆ ಒಂಟಿಯಾಗಿ ನಿಂತಿದ್ದರೆ ಮಲೆನಾಡು, ಒತ್ತಾಗಿ ಒಂದೇ ಊರಾಗಿ ಕೂಡಿದ್ದರೆ ಬಯಲುಸೀಮೆ. ಮಳೆಗಾಲಕ್ಕೆ ಮುನ್ನ ಸೌದೆಯನ್ನು ಕೊಟ್ಟಿಗೆಗೆ ತುಂಬಿ ಅಂಗಳಕ್ಕೆ ಅಡಕೆಯ ಸೋಗೆ ಹೊದಿಸುವವರು ಮಲೆನಾಡಿಗರು, ಮಳೆಗಾಗಿ ಕಪ್ಪೆಯ ಮದುವೆ ಮಾಡುವವರು ಬಯಲಿನವರು. ಎರಡೂ ಬಗೆಯ ಊರುಗಳು ಬೆರೆತು, ಭತ್ತದ ಗದ್ದೆಯ ಪಕ್ಕದಲ್ಲಿ ಜೋಳವೂ ಕಾಣುವ ನೆಲವೇ ಅರೆಮಲೆನಾಡು. ಎಲ್ಲೆಯೆಂಬುದು ಗೆರೆಯಾಗಿರಬೇಕಾಗಿಲ್ಲ, ಅದಕ್ಕೂ ಅಗಲವಿರಬಹುದೆಂಬ ತಿಳಿವು ಈ ಒಂದು ಮಾತಿನಲ್ಲಿದೆ. ಭೂಗೋಳಶಾಸ್ತ್ರಕ್ಕೆ ಕನ್ನಡದ ಜನ ಕೊಟ್ಟ ಬೆಲೆಯುಳ್ಳ ಮಾತಿದೆಂದು ಈ ಲೇಖಕನ ನಂಬಿಕೆ. ದುರ್ದೈವದಿಂದ ಆಡಳಿತದ ಕಡತಗಳಿಗೆ ಇಂಥ ಅಗಲವಾದ ಎಲ್ಲೆಗಳು ಒಗ್ಗುವುದಿಲ್ಲ. ಶಿವಮೊಗ್ಗೆಯನ್ನು ಕೇಂದ್ರವಾಗುಳ್ಳ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಯಲ್ಲಿ 13 ಜಿಲ್ಲೆಗಳಿದ್ದು, ದಾವಣಗೆರೆ ಹಾವೇರಿಗಳೂ ಕರಾವಳಿಯ ಉಡುಪಿಯೂ ಅದರೊಳಗೆ ಬರುತ್ತವೆ. ಅನುದಾನಕ್ಕಾಗಿ ಎಳೆದ ಗೆರೆ ಎಲ್ಲರನ್ನೂ ಒಳಗೊಳ್ಳಲು ಹಿಗ್ಗುತ್ತದೆ. ನಿರ್ಬಂಧಕ್ಕಾಗಿ ಎಳೆದ ಗೆರೆಯ ಗತಿ ಬೇರೆ, ಅದನ್ನು ಮುಂದೆ ನೋಡುವೆವು.

ನೀರು ಹರಿಯುವ ದಿಕ್ಕಿನಿಂದ ಎಲ್ಲೆಯನ್ನು ನಿರ್ಣಯಿಸುವುದು ಅತ್ಯಂತ ಶಾಸ್ತ್ರೀಯವೆಂದು ಮೊದಲ ನೋಟಕ್ಕೆ ತೋರುತ್ತದೆ. ಸಕಲೇಶಪುರ ತಾಲೂಕಿನಲ್ಲಿ ಬಿಸಿಲೆ ಘಾಟಿಯ ಸಮೀಪ, ಮಂಕನಹಳ್ಳಿಯೆಂಬಲ್ಲಿ, ರಸ್ತೆಯ ಬದಿಗೆ ಒಂದು ಕಲ್ಲಿನ ಗುರುತಿದೆ. ಒಂದು ಕಡೆಗೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆಗೆ ಅರಬ್ಬೀ ಸಮುದ್ರವೆಂದು ಅದು ತೋರಿಸುತ್ತದೆ. ಅದರ ಈಚೆಗೆ ಬಿದ್ದ ಮಳೆಹನಿ ಹೇಮಾವತಿಯನ್ನು ಸೇರಿ ಕಾವೇರಿಯ ಪಾಲಾಗುತ್ತದೆ. ಒಂದು ಮಾರು ಆಚೆಗೆ ಬಿದ್ದದ್ದು ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನ ಬಳಿ ಕಡಲಿಗಿಳಿಯುತ್ತದೆ. ಆ ಕಲ್ಲಿನ ಮುಂದೆ ನಿಂತವನಿಗೆ ಎಲ್ಲೆ ಇದಕ್ಕಿಂತ ಸ್ಪಷ್ಟವಾಗಿರಲಾರದೆಂದೆನಿಸುವುದು ನಿಜ. ಆದರೆ ಇದೇ ಜಲವಿಭಾಜಕ ರೇಖೆಯನ್ನು ಹಿಡಿದು ಉತ್ತರಕ್ಕೆ ನಡೆದರೆ ಅದು ಪರ್ವತವನ್ನು ಬಿಟ್ಟುಹೋಗುತ್ತದೆ. ಶರಾವತಿ ಹುಟ್ಟುವುದು ಪ್ರಪಾತದಿಂದ ಸಾಕಷ್ಟು ಒಳಗೆ, ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಅಂಕೋಲೆಯ ಬಳಿ ಗಂಗಾವಳಿಯಾಗಿ ಕಡಲನ್ನು ಸೇರುವ ಬೇಡ್ತಿಯ ಮೂಲಗಳಲ್ಲೊಂದಾದ ಶಾಲ್ಮಲೆ ಧಾರವಾಡದ ಸೋಮೇಶ್ವರದ ಹತ್ತಿರ ಹುಟ್ಟುತ್ತದೆ. ಎಂದರೆ ಜಲವಿಭಾಜಕವೇ ಘಟ್ಟದ ನೆತ್ತಿಯೆಂದು ಹೇಳಿದರೆ ಆ ನೆತ್ತಿ ಧಾರವಾಡದ ಎರೆಹೊಲಗಳ ಅಂಚಿಗೆ ಬಂದು ನಿಲ್ಲುತ್ತದೆ. ನದಿಗಳಿಗೆ ನಿಜವಾದ ಗೆರೆ ಪರ್ವತಕ್ಕೆ ನಿಜವಲ್ಲ.

ಎತ್ತರವನ್ನು ಮಾನದಂಡವಾಗಿ ಹಿಡಿದವರು ಯೋಜನಾ ಆಯೋಗದವರು. ಗುಡ್ಡಗಾಡು ಪ್ರದೇಶಗಳ ಅಭಿವೃದ್ಧಿಗಾಗಿ 1974–75ರಲ್ಲಿ ಆರಂಭವಾದ ಪಶ್ಚಿಮ ಘಟ್ಟ ಅಭಿವೃದ್ಧಿ ಕಾರ್ಯಕ್ರಮದಲ್ಲಿ ತಾಲೂಕನ್ನು ಘಟಕವಾಗಿ ಇಟ್ಟುಕೊಂಡು, ಯಾವ ತಾಲೂಕಿನ ನೆಲದಲ್ಲಿ ಶೇಕಡ 20ರಷ್ಟಾದರೂ ಸಮುದ್ರಮಟ್ಟದಿಂದ 600 ಮೀಟರಿಗೆ ಮೇಲಿದೆಯೋ ಅದು ಪಶ್ಚಿಮ ಘಟ್ಟಕ್ಕೆ ಸೇರಿತೆಂಬ ನಿಯಮವನ್ನು ಮಾಡಿದರು. ಮೊದಲು 132 ತಾಲೂಕುಗಳು ಒಳಗೆ ಬಂದವು; ತಾಲೂಕುಗಳು ಒಡೆದು ಹೊಸತಾಗುತ್ತ, ಸೇರ್ಪಡೆಯ ಬೇಡಿಕೆಗಳು ಬರುತ್ತ, ಆ ಸಂಖ್ಯೆ ಕ್ರಮೇಣ 171ಕ್ಕೆ ಏರಿತು. ಗುಜರಾತು ಈ ಕಾರ್ಯಕ್ರಮದಲ್ಲಿ ಇರಲೇ ಇಲ್ಲ. ನೀಲಗಿರಿ ಜಿಲ್ಲೆಗೆ ಬೇರೊಂದು ಗುಡ್ಡಗಾಡು ಯೋಜನೆಯಿದ್ದುದರಿಂದ ದಕ್ಷಿಣಭಾರತದ ಉನ್ನತ ಪರ್ವತಗಳಲ್ಲೊಂದಾದ ದೊಡ್ಡಬೆಟ್ಟವೇ ಪಶ್ಚಿಮ ಘಟ್ಟ ಕಾರ್ಯಕ್ರಮದ ಹೊರಗೆ ಉಳಿಯಿತು. ಎತ್ತರವೊಂದನ್ನೇ ನಂಬುವುದರ ತೊಡಕನ್ನು ಕರ್ನಾಟಕದ ಅಂಕಿಗಳಷ್ಟು ಚೆನ್ನಾಗಿ ಬೇರಾವುದೂ ತೋರಿಸಲಾರದು. ಬೆಂಗಳೂರಿನ ಎತ್ತರ ಸುಮಾರು 920 ಮೀಟರು, ಮೈಸೂರಿನದು ಸುಮಾರು 760. ಆಗುಂಬೆಯದು ಸುಮಾರು 650, ಶಿರಸಿಯದು 600ಕ್ಕೆ ತುಸು ಕಡಿಮೆ, ಯಲ್ಲಾಪುರದ್ದು ಇನ್ನೂ ಕಡಿಮೆ. ಮೈದಾನವೆಂದು ಎಲ್ಲರೂ ಒಪ್ಪುವ ಊರುಗಳು ಘಟ್ಟದ ನೆತ್ತಿಗಿಂತ ಎತ್ತರದಲ್ಲಿರುವಾಗ, 600 ಮೀಟರೆಂಬ ಗೆರೆ ಒಳಗಿರಬೇಕಾದ ಉತ್ತರ ಕನ್ನಡದ ಕಾಡುಗಳನ್ನು ಹೊರಗೂ, ಹೊರಗಿರಬೇಕಾದ ಒಣಭೂಮಿಯನ್ನು ಒಳಗೂ ತಳ್ಳುವ ಅಪಾಯ ಇದ್ದೇ ಇರುತ್ತದೆ. ಉತ್ತರ ಕನ್ನಡದಲ್ಲಿಯೇ ಅಂಕೋಲೆ ಕುಮಟೆಗಳು ಘಟ್ಟದ ಕೆಳಗೆ, ಸಿದ್ಧಾಪುರ ಹಳಿಯಾಳಗಳು ಘಟ್ಟದ ಮೇಲೆ. ಕೆನರಾ ಜಿಲ್ಲೆಯನ್ನು ಒಡೆದು 1862ರಲ್ಲಿ ಅದರ ಉತ್ತರ ಭಾಗವನ್ನು ಮುಂಬಯಿ ಆಧಿಪತ್ಯಕ್ಕೆ ಸೇರಿಸಿದವರು ಕಡಲನ್ನೂ ಬಂದರನ್ನೂ ನೋಡಿದರೇ ವಿನಾ ಬೆಟ್ಟವನ್ನು ನೋಡಲಿಲ್ಲ.

ಮಳೆಯೂ ಕಾಡೂ ಇನ್ನೆರಡು ಅಳತೆಗೋಲುಗಳು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆ, ನೂರು ಕಿಲೋಮೀಟರನ್ನೂ ಮುಟ್ಟದ ದೂರದ ಶಿವಮೊಗ್ಗೆಯಲ್ಲಿ ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಆದರೆ ಈ ಇಳಿತ ಮೆಟ್ಟಿಲುಮೆಟ್ಟಿಲಾಗಿಲ್ಲದೆ ಇಳಿಜಾರಿನಂತೆ ಬರುವುದರಿಂದ ಇಂಥ ಕಡೆ ಮಳೆನಾಡು ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದು. ಪುದುಚೇರಿಯ ಫ್ರೆಂಚ್ ಸಂಸ್ಥೆಯ ವಿದ್ವಾಂಸರು, ವಿಶೇಷವಾಗಿ ಜೆ. ಪಿ. ಪಾಸ್ಕಲ್, ಘಟ್ಟದ ನಿತ್ಯಹಸುರಿನ ಕಾಡುಗಳನ್ನು ಮರಮರವಾಗಿ ವರ್ಗೀಕರಿಸಿ ಸಸ್ಯಾವರಣದ ನಕ್ಷೆಗಳನ್ನು ಮಾಡಿದರು. ಅಲ್ಲಿ ಎಲ್ಲೆಯನ್ನು ನಿರ್ಣಯಿಸುವುದು ಮಳೆಯ ಮೊತ್ತಕ್ಕಿಂತಲೂ ಒಣಗಾಲದ ಉದ್ದ. ಜೀವವೈವಿಧ್ಯದ ತಾಣಗಳನ್ನು ಪ್ರಪಂಚದ ಮಟ್ಟದಲ್ಲಿ ಗುರುತಿಸಿದ ನಾರ್ಮನ್ ಮೈಯರ್ಸ್ ಮತ್ತು ಅವರ ಸಂಗಡಿಗರು 2000ದ ತಮ್ಮ ಪಟ್ಟಿಯಲ್ಲಿ ಶ್ರೀಲಂಕೆಯನ್ನೂ ಕೂಡಿಸಿ ಎರಡಕ್ಕೂ ಒಂದೇ ಹೆಸರಿಟ್ಟು 1,82,500 ಚದರ ಕಿಲೋಮೀಟರಿನ ಪ್ರದೇಶವನ್ನು ಎಣಿಸಿದರು. ಜೀವಿಗಳ ಬಂಧುತ್ವವನ್ನು ನೋಡಿದವರಿಗೆ ನಡುವಿನ ಕಡಲು ಅಡ್ಡವಾಗಲಿಲ್ಲ. 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಯುನೆಸ್ಕೋ ಇಡೀ ಪ್ರದೇಶದ ಎಲ್ಲೆಯನ್ನು ಗೊತ್ತುಮಾಡುವ ಗೋಜಿಗೆ ಹೋಗದೆ, ಈಗಾಗಲೇ ರಕ್ಷಣೆಯಲ್ಲಿರುವ 39 ಬಿಡಿ ತಾಣಗಳನ್ನು, ಅವುಗಳಲ್ಲಿ ಕರ್ನಾಟಕದ 10 ತಾಣಗಳನ್ನು, ಸರವಾಗಿ ಪೋಣಿಸಿತು.

ತುದಿಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಉತ್ತರದ ತುದಿ ತಾಪಿಯೆಂಬುದು ರೂಢಿ. ಅಲ್ಲಿಂದ ದಕ್ಷಿಣಕ್ಕೆ ಗುಜರಾತಿನ ಡಾಂಗ್ ಕಾಡುಗಳು ಒಂದು ಎಣಿಕೆಯಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಮಹಾರಾಷ್ಟ್ರದಲ್ಲಿ ಪೂರ್ವಕ್ಕೆ ಚಾಚಿಕೊಳ್ಳುವ ಸಾತಮಾಳಾ, ಹರಿಶ್ಚಂದ್ರ, ಮಹಾದೇವ ಮೊದಲಾದ ಶಾಖಾಶ್ರೇಣಿಗಳನ್ನು ಎಲ್ಲಿ ಕತ್ತರಿಸಬೇಕೆಂಬುದು ನಕ್ಷೆಯನ್ನು ಬರೆಯುವವನ ಇಚ್ಛೆಗೆ ಬಿಟ್ಟುದು. ಆಗ್ನೇಯದ ಮೂಲೆ ಇವೆಲ್ಲಕ್ಕಿಂತ ತೊಡಕಿನದು: ನೀಲಗಿರಿಯಲ್ಲಿ ಪೂರ್ವ ಪಶ್ಚಿಮ ಘಟ್ಟಗಳು ಕೂಡುತ್ತವೆಂದು ಪಾಠಪುಸ್ತಕಗಳು ಹೇಳುತ್ತವಾದರೂ, ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ನಿಂತು ಇದು ಯಾವ ಘಟ್ಟಕ್ಕೆ ಸೇರಿತೆಂದು ಕೇಳಿದರೆ ಎರಡಕ್ಕೂ ಸೇತುವೆಯೆಂಬುದೇ ಸರಿಯಾದ ಉತ್ತರ. ಅಲ್ಲಿ ಬಾಳುವ ಸೋಲಿಗರಿಗೆ ಬೇಕಾದುದು ತಮ್ಮ ದೇವರುಗಳ ನೆಲೆಗಳೂ ಪೋಡುಗಳೂ ಉಳಿಯುವ ಎಲ್ಲೆ.

ಇಷ್ಟೆಲ್ಲವೂ ಪಂಡಿತರ ನಡುವಣ ಚರ್ಚೆಯಾಗಿದ್ದ ಕಾಲ 2010ಕ್ಕೆ ಮುಗಿಯಿತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರದ ಪರಿಸರ ಸಚಿವಾಲಯ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು; 2011ರ ಆಗಸ್ಟಿನಲ್ಲಿ ವರದಿ ಸಿದ್ಧವಾಯಿತು. ಪ್ರದೇಶವನ್ನು ಒಂಬತ್ತು ಕಿಲೋಮೀಟರು ಉದ್ದಗಲದ ಚೌಕಗಳಾಗಿ ಭಾಗಿಸಿಕೊಂಡ ಈ ಸಮಿತಿ, ಪೂರ್ವದಲ್ಲಿ 500 ಮೀಟರಿಗೆ ಮೇಲಿನ ಕಾಡನ್ನೂ, ಪಶ್ಚಿಮದಲ್ಲಿ 150 ಮೀಟರಿಗೆ ಮೇಲಿನ ಕಾಡನ್ನೂ ಎಲ್ಲೆಯಾಗಿ ಹಿಡಿದು, ಕಾಡು ಕಡಲತಡಿಯವರೆಗೂ ಇಳಿದಿದ್ದಲ್ಲಿ ಕಡಲತಡಿಯನ್ನೇ ಎಲ್ಲೆಯೆಂದಿತು. ಎರಡು ಮಗ್ಗುಲುಗಳಿಗೆ ಎರಡು ಅಂಕಿಗಳನ್ನು ಇಟ್ಟದ್ದು ಈ ನಿರೂಪಣೆಯ ದೊಡ್ಡ ಗುಣ. ಒಂದು ಮಗ್ಗುಲು ಗೋಡೆ, ಇನ್ನೊಂದು ಮಗ್ಗುಲು ಹಾಸು ಎಂಬ ಸತ್ಯವನ್ನು ಅದು ಒಪ್ಪಿಕೊಂಡಿತು. ಎತ್ತರಕ್ಕೆ ಕಾಡನ್ನೂ ಜೊತೆಗೂಡಿಸಿದ್ದರಿಂದ ಬೆಂಗಳೂರು ಮೈಸೂರುಗಳ ತೊಡಕೂ ತಪ್ಪಿತು. ಹೀಗೆ ದೊರೆತ 1,29,037 ಚದರ ಕಿಲೋಮೀಟರನ್ನೆಲ್ಲ ನಿರ್ಬಂಧಗಳಿಗೆ ಒಳಪಡುವ ಪರಿಸರ ಸೂಕ್ಷ್ಮಪ್ರದೇಶವೆಂದು ಪರಿಗಣಿಸಿ ಮೂರು ವಲಯಗಳಾಗಿ ವಿಂಗಡಿಸಬೇಕೆಂದೂ, ವಲಯಗಳ ಕೊನೆಯ ಎಲ್ಲೆಗಳನ್ನು ಗ್ರಾಮಸಭೆಗಳೊಡನೆ ಕುಳಿತು ನಿರ್ಧರಿಸಬೇಕೆಂದೂ ಸಮಿತಿ ಹೇಳಿತು. ಎರಡನೆಯ ಮಾತು ಹಳ್ಳಿಗಳನ್ನು ಮುಟ್ಟುವ ಮೊದಲೇ ಮೊದಲನೆಯದು ಕೋಲಾಹಲವನ್ನೆಬ್ಬಿಸಿತು.

2012ರ ಆಗಸ್ಟಿನಲ್ಲಿ ಬಾಹ್ಯಾಕಾಶ ವಿಜ್ಞಾನಿ ಕೆ. ಕಸ್ತೂರಿರಂಗನ್ನರ ನೇತೃತ್ವದಲ್ಲಿ ಎರಡನೆಯ ಸಮಿತಿ ಏರ್ಪಟ್ಟು 2013ರ ಏಪ್ರಿಲಿನಲ್ಲಿ ವರದಿ ಕೊಟ್ಟಿತು. ಇದು ಕಾಡಿನ ಅಂಚನ್ನು ಬಿಟ್ಟು ಯೋಜನಾ ಆಯೋಗದ ಹಳೆಯ ತಾಲೂಕು ಲೆಕ್ಕಕ್ಕೆ ಹಿಂದಿರುಗಿ, ಗುಜರಾತನ್ನೂ ಸೇರಿಸಿಕೊಂಡು, 188 ತಾಲೂಕುಗಳ 1,64,280 ಚದರ ಕಿಲೋಮೀಟರನ್ನು ಪಶ್ಚಿಮ ಘಟ್ಟವೆಂದು ಕರೆಯಿತು. ಪ್ರದೇಶ ಹಿಗ್ಗಿತು, ಆದರೆ ರಕ್ಷಣೆಯ ನೆಲ ಕುಗ್ಗಿತು. ಏಕೆಂದರೆ ಉಪಗ್ರಹಚಿತ್ರಗಳ ನೆರವಿನಿಂದ ಇಡೀ ನೆಲವನ್ನು ಪ್ರಾಕೃತಿಕ ಭೂದೃಶ್ಯವೆಂದೂ ಸಾಂಸ್ಕೃತಿಕ ಭೂದೃಶ್ಯವೆಂದೂ ಎರಡಾಗಿಸಿ, ಊರು, ಹೊಲ, ತೋಟಗಳಿರುವ ಎರಡನೆಯದನ್ನು ಬದಿಗಿಟ್ಟು, ಒಟ್ಟಿನ ಶೇಕಡ 37ರಷ್ಟನ್ನು, ಎಂದರೆ ಸುಮಾರು 60,000 ಚದರ ಕಿಲೋಮೀಟರನ್ನು ಮಾತ್ರ ಸೂಕ್ಷ್ಮಪ್ರದೇಶವೆಂದು ಅದು ಗುರುತಿಸಿತು. ಈ ಗುರುತನ್ನು ನೆಲಕ್ಕಿಳಿಸಲು ಗ್ರಾಮವನ್ನು ಘಟಕವಾಗಿ ಹಿಡಿದು, ಯಾವ ಗ್ರಾಮದ ನೆಲದಲ್ಲಿ ಶೇಕಡ 20 ಅಥವಾ ಹೆಚ್ಚು ಭಾಗ ಹೀಗೆ ಗುರುತಾಗಿದೆಯೋ ಆ ಗ್ರಾಮವೆಲ್ಲವೂ ಸೂಕ್ಷ್ಮಪ್ರದೇಶವೆಂದು ಎಣಿಸಲಾಯಿತು. ಹಿಂದೆ ಐದರಲ್ಲೊಂದು ಪಾಲು ಎತ್ತರವಿದ್ದುದಕ್ಕೆ ಇಡೀ ತಾಲೂಕು ಅನುದಾನವನ್ನು ಪಡೆದಿತ್ತು. ಈಗ ಐದರಲ್ಲೊಂದು ಪಾಲು ಕಾಡಿದ್ದುದಕ್ಕೆ ಇಡೀ ಗ್ರಾಮ ನಿರ್ಬಂಧಕ್ಕೆ ಒಳಗಾಗುವಂತಾಯಿತು.

24 ಮೀಟರಿನ ಸೂಕ್ಷ್ಮತೆಯ ಆ ಚಿತ್ರಗಳಲ್ಲಿ ಶಿರಸಿ ಸಿದ್ಧಾಪುರಗಳ ಒಂದು ಸೊಪ್ಪಿನಬೆಟ್ಟ ಹೇಗೆ ಕಾಣುತ್ತದೆಂಬುದನ್ನು ಯೋಚಿಸಿ ನೋಡಬೇಕು. ಅಡಕೆತೋಟಕ್ಕೆ ಸೊಪ್ಪಿನ ಗೊಬ್ಬರ ಬೇಕೆಂದು, ತೋಟದ ಎಕರೆಯೊಂದಕ್ಕೆ ಒಂಬತ್ತು ಎಕರೆಯವರೆಗೂ ಬಿಟ್ಟುಕೊಟ್ಟ ಕಾಡದು. ಆಕಾಶದಿಂದ ನೋಡಿದರೆ ಹಸುರು ಮೇಲಾವರಣ. ಒಳಗೆ ಹೋದರೆ ಮತ್ತಿಯ ಮರಕ್ಕೆ ತಲೆಮಾರುಗಳಿಂದ ಬಿದ್ದ ಕತ್ತಿಯ ಗಾಯಗಳು ಗಂಟುಗಂಟಾಗಿ ಬಲಿತಿವೆ; ದರಕನ್ನು ಗುಡಿಸಿ ಒಟ್ಟಿದ ಜಾಗ, ದನ ಏರಿಳಿದು ಸವೆದ ದಾರಿ, ಧರೆಯ ಅಂಚಿನಲ್ಲಿ ಪಾಚಿಗಟ್ಟಿದ ಬಾಂದುಕಲ್ಲು. ಇದು ಕಾಡೂ ಹೌದು, ಕೃಷಿಯ ಅಂಗವೂ ಹೌದು. ಕೊಡಗಿನ ಬಾಣೆಯೂ, ಮರದ ನೆರಳಿನಲ್ಲಿ ಬೆಳೆಯುವ ಅಲ್ಲಿಯ ಕಾಫಿಯ ತೋಟವೂ, ದಕ್ಷಿಣ ಕನ್ನಡದ ಕುಮ್ಕಿಯೂ ಇದೇ ಜಾತಿಯವು. ಪ್ರಾಕೃತಿಕ, ಸಾಂಸ್ಕೃತಿಕ ಎಂಬ ಎರಡೇ ಖಾನೆಗಳಿರುವ ನಕ್ಷೆಯಲ್ಲಿ ಇವುಗಳಿಗೆ ತಾವಿಲ್ಲ. ತೋಟವನ್ನು ಕಾಡೆಂದು ಎಣಿಸಿದ್ದಾರೆಂಬ ಆಕ್ಷೇಪ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳಿಂದ ಮತ್ತೆ ಮತ್ತೆ ಬಂದುದಕ್ಕೆ ಇದು ಕಾರಣ. ಸಂರಕ್ಷಣೆಯ ಪಕ್ಷದವರ ಆಕ್ಷೇಪ ಇದಕ್ಕೆ ವಿರುದ್ಧವಾದುದು: ತೋಟ, ಊರು, ಹಳ್ಳಗಳನ್ನು ಬಿಟ್ಟು ಕಾಡಿನ ತುಂಡುಗಳನ್ನಷ್ಟೇ ಕಾಯ್ದರೆ, ನೀರು ಕಾಡಿನಿಂದ ತೋಟಕ್ಕೂ ತೋಟದಿಂದ ನದಿಗೂ ಹರಿಯುವ ಪರ್ವತದಲ್ಲಿ ಆ ತುಂಡುಗಳು ಬಾಳಲಾರವು ಎಂಬುದು ಅವರ ವಾದ. ಎರಡು ಆಕ್ಷೇಪಗಳಲ್ಲಿಯೂ ಸತ್ಯವಿದೆ. ಕಾಡು ಉಳಿಯಲೇಬೇಕೆಂಬುದರಲ್ಲಿ ಈ ಲೇಖಕನಿಗೆ ಸಂದೇಹವಿಲ್ಲ. ಆದರೆ ಬಾಂದುಕಲ್ಲನ್ನು ಬಲ್ಲವರನ್ನು ಕೇಳದೆ ಎಳೆದ ಗೆರೆಯನ್ನು ಕಾಯುವವರು ಯಾರೂ ಇರುವುದಿಲ್ಲವೆಂಬುದೂ ಅಷ್ಟೇ ನಿಶ್ಚಯ.

ಎರಡನೆಯ ವರದಿಯನ್ನು ಆಧರಿಸಿದ ಕರಡು ಅಧಿಸೂಚನೆ 2014ರ ಮಾರ್ಚ್ 10ರಂದು ಹೊರಟಿತು. ಕೇರಳ ಸರ್ಕಾರ ಉಮ್ಮನ್ ವಿ. ಉಮ್ಮನ್ನರ ಸಮಿತಿಯ ಮೂಲಕ ನೆಲದ ಮೇಲೆ ಪರಿಶೀಲನೆ ನಡೆಸಿ ತನ್ನ ಪಾಲನ್ನು 13,108 ಚದರ ಕಿಲೋಮೀಟರಿನಿಂದ 9,993ಕ್ಕೆ ಇಳಿಸಿಕೊಂಡಿದ್ದುದರಿಂದ ಕರಡಿನಲ್ಲಿ ಸೂಕ್ಷ್ಮಪ್ರದೇಶದ ಒಟ್ಟು ಮೊತ್ತ 56,825 ಚದರ ಕಿಲೋಮೀಟರಿಗೆ ಬಂದಿತು. ಅದರಲ್ಲಿ ಅತಿ ದೊಡ್ಡ ಪಾಲು ಕರ್ನಾಟಕದ್ದು: ಬೆಳಗಾವಿಯಿಂದ ಚಾಮರಾಜನಗರದವರೆಗಿನ ಹತ್ತು ಜಿಲ್ಲೆಗಳಲ್ಲಿ 20,668 ಚದರ ಕಿಲೋಮೀಟರು. ಕಾಲಾವಧಿ ತೀರಿದಂತೆಲ್ಲ ಅದೇ ಕರಡು ಮತ್ತೆ ಮತ್ತೆ ಪ್ರಕಟವಾಯಿತು. ರಾಜ್ಯಗಳ ಆಕ್ಷೇಪಗಳನ್ನು ಕೇಳಲು 2022ರಲ್ಲಿ ಸಂಜಯ್ ಕುಮಾರರ ನೇತೃತ್ವದ ಮತ್ತೊಂದು ಸಮಿತಿ ನೇಮಕಗೊಂಡಿತು. ಆರನೆಯ ಕರಡು ಹೊರಟದ್ದು 2024ರ ಜುಲೈ 31ರಂದು, ವಯನಾಡಿನ ಮುಂಡಕ್ಕೈ ಚೂರಲ್ಮಲೆಗಳ ಮೇಲೆ ಗುಡ್ಡ ಕುಸಿದು ನೂರಾರು ಜನ ಮಡಿದುದರ ಮರುದಿನ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಅದನ್ನು ತಿರಸ್ಕರಿಸುವ ನಿರ್ಣಯ ಕೈಗೊಂಡಿತು. ಬಿಸಿಲೆಯ ಕಲ್ಲಿನ ಎರಡು ಕಡೆಯ ಹಳ್ಳಿಗಳಲ್ಲಿ ಆ ಮಳೆಗಾಲ ಮುಗಿಯುವ ಹೊತ್ತಿಗೂ ಜನ ಕರಡಿನ ಪಟ್ಟಿಯಲ್ಲಿ ತಂತಮ್ಮ ಊರಿನ ಹೆಸರನ್ನು ಹುಡುಕುತ್ತಿದ್ದರು.